ರಾಮಗಿರಿಯ ಸುತ್ತು

ಪೋಂಯ್ ಎಂದು ಹಾರ್ನ್ ಕೇಳಿದೊಡನೆ ಅದು ಯಾವ ಊರಿನ ಬಸ್ಸೆಂದು ಜಂಪಣ್ಣ ನಕ್ಷೆಯಿಂದ ಕಣ್ಣೆತ್ತದೆಯೇ ಹೇಳುತ್ತಾನೆ. ಚಿತ್ರದುರ್ಗದ ಬಸ್ ಕಂಪನಿಯಲ್ಲಿ ಮಾರ್ಗಗಳನ್ನು ಗೊತ್ತುಮಾಡುವವನು ಅವನೇ. ನಕ್ಷೆಯಲ್ಲಿ ಊರಿಗೊಂದು ಗುಂಡುಸೂಜಿ ಚುಚ್ಚಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೆ ದಾರ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಯಾವ ದಾರಿಗೆ ದಾರ ಕಡಿಮೆ ಸಾಕೋ ಅದರಲ್ಲೇ ಬಸ್ ಓಡಿಸುತ್ತಾನೆ. “ಒಂದು ಸುತ್ತಿನಾಗೆ ಮುಗಿಯೋದಕ್ಕೆ ಎರಡು ಯಾಕ್ರಿ?” ಎನ್ನುವುದು ಅವನ ಮಾತು. ಬೇರೆಯವರ ಮದುವೆಯೂಟಕ್ಕೆ ಹೋದರೂ, ಬಡಿಸುವವರಿಗೆ ಎಲೆಯಿಂದ ಎಲೆಗೆ ಹತ್ತಿರದ ದಾರಿ ಹೇಳಿಕೊಡುವಷ್ಟರಲ್ಲಿ ಅವನ ಸಾರೇ ಆರಿರುತ್ತದೆ. ಡೀಸೆಲ್ ದರ ಏರಿದ ವರ್ಷ, ಹೊಳಲ್ಕೆರೆ ಬಸ್ಸು ಹಾಕಿಬರುತ್ತಿದ್ದ ರಾಮಗಿರಿಯ ಸುತ್ತನ್ನು ನಕ್ಷೆಯಿಂದ ಬಿಚ್ಚಿದವನೂ ಅವನೇ. ಲೆಕ್ಕ ಸರಿಯಾಗಿತ್ತು, ಮಾಲೀಕರು ಬೆನ್ನು ತಟ್ಟಿದರು. ಪ್ರತಿ ಶನಿವಾರ ಆ ಬಸ್ಸಿನಿಂದಿಳಿದು, “ಇವತ್ತೂ ತಡ ಆತಲ್ರಿ” ಎಂದು ನಗುತ್ತಿದ್ದ ರಾಮಗಿರಿ ಶಾಲೆಯ ಟೀಚರ್ ಏಕಾಂತಮ್ಮ ಆಮೇಲೆ ಬರಲಿಲ್ಲ. ಅವಳಿಗೆ ಹೇಳಬೇಕೆಂದಿದ್ದ ಮಾತು ಅವನಲ್ಲೇ ಉಳಿಯಿತು. “ಆ ಸುತ್ತು ಮತ್ತೆ ಹಾಕ್ರಿ ಜಂಪಣ್ಣ, ಬಸ್ಸಿಗೇನು ಕಾಲು ನೋಯ್ತವಾ?” ಎಂದು ಡ್ರೈವರ್ ಕಾಟಲಿಂಗಪ್ಪ ಕೆಣಕುತ್ತಾನೆ. “ಅಲ್ಲಪ್ಪ, ಲೆಕ್ಕದ ಪ್ರಕಾರ...” ಎನ್ನುವಾಗಲೇ ಹೊಳಲ್ಕೆರೆ ಬಸ್ಸಿನ ಹಾರ್ನ್ ಕೇಳುತ್ತದೆ. ರಾಮಗಿರಿಯನ್ನು ಮುಟ್ಟದೆ ನೇರವಾಗಿ ಬಂದ ಬಸ್ಸು ಅದು. ಗೊತ್ತಿದ್ದೂ ಜಂಪಣ್ಣ ಮಾತನ್ನು ಅಲ್ಲೇ ಬಿಟ್ಟು, ಅಂಗಿ ಕೊಡವಿಕೊಂಡು, ಇಳಿಯುವವರನ್ನು ನೋಡಲು ನಡೆಯುತ್ತಾನೆ.