ಬರಿಗೈಯ ನಡಿಗೆ

ಕೈಬೀಸಿಕೊಂಡು ನಡೆಯಿರಿ ಎಂದು ಡಾಕ್ಟರು ಅಪ್ಪಣೆ ಕೊಡಿಸಿದ ದಿನದಿಂದ, ನಡಿಗೆಯೆಂಬುದು ಕಾಲಿಗಿಂತ ಕೈಗೇ ಹೆಚ್ಚು ಸಂಬಂಧಪಟ್ಟ ವಿದ್ಯೆ ಎಂದು ನನಗೆ ಜ್ಞಾನೋದಯವಾಗಿದೆ. ನೀವೇ ಗಮನಿಸಿ ನೋಡಿ, ದಾರಿಯಲ್ಲಿ ಹೋಗುವವರೆಲ್ಲ ಎಷ್ಟು ಧಾರಾಳವಾಗಿ ಕೈಬೀಸುತ್ತಾರೆ. ನನ್ನ ಕೈಗಳು ಮಾತ್ರ ಪಕ್ಕೆಗೆ ಅಂಟಿಕೊಂಡೇ ಇರುವುದರಿಂದ, ವಾಯುವಿಹಾರಿಗಳ ನಡುವೆ ನಾನು ಕವಾಯತಿಗೆ ತಡವಾಗಿ ಬಂದ ಪೊಲೀಸಿನವನಂತೆ ಕಾಣುತ್ತೇನೆ.

ತಪ್ಪು ನನ್ನದಲ್ಲ, ಹೆಂಚಿನದು. ಸತ್ಯಮಂಗಲದ ಆಚೆ ತುಮಕೂರಿನ ಜನ ಸಂಜೆ ತಿರುಗಾಡಲು ಹೋಗುವ ಉದ್ಯಾನವಿದೆಯಲ್ಲ, ಅದು ಮೊದಲು ಹೆಂಚಿನ ಕಾರ್ಖಾನೆ. ನಾನಲ್ಲಿ ಇಪ್ಪತ್ತು ವರ್ಷ ಗುಮಾಸ್ತ. ಎಪ್ಪತ್ತರ ದಶಕದಲ್ಲಿ ಅದು ಮುಚ್ಚಿತು. ಎಂಬತ್ತರ ದಶಕ ಬರುವಷ್ಟರಲ್ಲಿ ಮಣ್ಣು ತೆಗೆದ ಹಳ್ಳ ಕೊಳವಾಯಿತು, ಹೆಂಚು ಸುಡುವ ಗೂಡಿನ ಸುತ್ತ ಕಣಗಿಲೆ ಬಂತು. ಉಳಿದ ಚಿಮಣಿಯ ಬುಡದಲ್ಲಿ ಗುಬ್ಬಿಯಿಂದ ಬಂದ ನವದಂಪತಿಗಳು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಧೂಳು ಕುಡಿದು ಕೆಮ್ಮಿದ ಜಾಗದಲ್ಲಿ ಜನ ಶುದ್ಧ ವಾಯುಸೇವನೆ ಮಾಡುವುದನ್ನು ಕಂಡರೆ ನಗು ಬರುತ್ತದೆ. ಆದರೆ ನಗುವುದಕ್ಕೂ ಜೊತೆಗೆ ಒಬ್ಬರು ಬೇಕಲ್ಲ.

ಹಸಿ ಹೆಂಚನ್ನು ಮರದ ಅಟ್ಟಗಳ ಮೇಲೆ ಸಾಲಾಗಿ ಒಣಗಿಸುತ್ತಿದ್ದರು. ನಡುವಿನ ಓಣಿ ಒಬ್ಬರಿಗಷ್ಟೇ ಅಗಲ, ಮೊಣಕೈ ತಗುಲಿದರೆ ಹೆಂಚು ಸೊಟ್ಟ. ಹಾಗಾಗಿ ಕೈ ಪಕ್ಕೆಗೊತ್ತಿ ನಡೆಯಬೇಕು. ಎದುರಿಗೆ ಯಾರಾದರೂ ಬಂದರೆ ಬರಿಗೈಯವರು ಪಕ್ಕಕ್ಕೆ ತಿರುಗಿ ನಿಲ್ಲಬೇಕು, ಹೊತ್ತವರು ಹೋಗಬೇಕು. ಯಜಮಾನರಿಗೂ ಇದೇ ಕಟ್ಟಳೆ. ಪೆನ್ನಿಗಿಂತ ಭಾರವಾದುದನ್ನು ಎತ್ತದ ನಾನು ಅಲ್ಲಿ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು.

ಕಾರ್ಖಾನೆ ಮುಚ್ಚಿದ ಮೇಲೆ ಜೊತೆಯವರು ದಿಕ್ಕಿಗೊಬ್ಬರಾದರು. ಮದುವೆಯ ಗೋಜಿಗೆ ಹೋಗದ ನನಗೆ ಬಾಡಿಗೆ ಕೋಣೆಯ ಗೋಡೆ ಗಡಿಯಾರವೇ ಸಂಗಾತಿ. ಅದೂ ಆಗಾಗ ಮಾತು ಬಿಡುತ್ತದೆ. ನಿಜ ಹೇಳಿಬಿಡುತ್ತೇನೆ, ನಾನು ಉದ್ಯಾನಕ್ಕೆ ಹೋಗುತ್ತಿದ್ದುದು ಆರೋಗ್ಯಕ್ಕಲ್ಲ. 'ನೀವು ಇಲ್ಲಿ ಕೆಲಸಕ್ಕಿದ್ದಿರಿ' ಎಂದು ನನಗೆ ಹೇಳುವ ಒಂದು ಮುಖ ಸಿಕ್ಕೀತೆಂದು ಹೋಗುತ್ತಿದ್ದೆ. ಎರಡು ವರ್ಷ ಯಾರೂ ಸಿಗಲಿಲ್ಲ.

ಮೊನ್ನೆ ಮಾರುಕಟ್ಟೆಯಿಂದ ಸೊಪ್ಪು, ಬದನೆಕಾಯಿ ತುಂಬಿದ ಚೀಲ ಹಿಡಿದು ಹಾಗೆಯೇ ಅಲ್ಲಿಗೆ ಹೋದೆ. ಅಟ್ಟಗಳಿದ್ದ ಜಾಗ ಈಗ ಬರೀ ಹುಲ್ಲು, ಹತ್ತು ಜನ ಸಾಲಾಗಿ ನಡೆಯಬಹುದು. ಎದುರಿಗೆ ಬರುತ್ತಿದ್ದ ಮುದುಕಿಯೊಬ್ಬಳು ನನ್ನ ಚೀಲ ನೋಡಿದವಳೇ ಸೆರಗನ್ನು ಒತ್ತಿ ಹಿಡಿದು, ಪಕ್ಕಕ್ಕೆ ತಿರುಗಿ, ನಾನು ಹೋಗಲೆಂದು ನಿಂತುಬಿಟ್ಟಳು.

ನಾನು ಚೀಲ ಕೆಳಗಿಟ್ಟೆ. "ಈಗ ಹಸಿ ಹೆಂಚಿಲ್ಲ ಕಣಮ್ಮ" ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. "ಆಫೀಸಿನ ಸ್ವಾಮಿಯೋರಲ್ವಾ? ನಾನು ಹೆಂಚು ಹೊತ್ಕೊಂಡು ಬರ್ತಿದ್ದೆ, ನೀವು ನಿಂತ್ಕೋತಿದ್ರಿ. ಬೇರೆಯೋರು ಗೊಣಗೋರು. ನೀವು ಒಂದಿನಾನೂ ಗೊಣಗ್ಲಿಲ್ಲ ಬುಡಿ."

ಈಗ ಅಮೃತೂರಿನಲ್ಲಿ ಮಗಳ ಮನೆಯಲ್ಲಿದ್ದಾಳಂತೆ. ಆಸ್ಪತ್ರೆಗೆಂದು ತುಮಕೂರಿಗೆ ಬಂದವಳು, ಹಳೇ ಜಾಗ ನೋಡಿಹೋಗೋಣವೆಂದು ಇಲ್ಲಿಗೂ ಬಂದಿದ್ದಳು. "ಬಸ್ಸು ಹೊಂಟೋಯ್ತದೆ, ಬತ್ತೀನಿ ಸ್ವಾಮಿ" ಎಂದು ಹೊರಟೇಬಿಟ್ಟಳು. ಇಪ್ಪತ್ತು ವರ್ಷ ಎಲ್ಲರ ಹಾಜರಿ ಬರೆದ ನನಗೆ ಅವಳ ಹೆಸರು ನೆನಪಾಗಲಿಲ್ಲ, ಕೇಳುವುದೂ ತೋಚಲಿಲ್ಲ. ಕೋಣೆಗೆ ಬಂದು, ಸೊಪ್ಪನ್ನು ಚೀಲದಲ್ಲೇ ಬಿಟ್ಟು, ಹಾಜರಿ ಪುಸ್ತಕದ ಹೆಸರುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತ ಕೂತೆ.

ಡಾಕ್ಟರು ಈಗಲೂ ಕೈಬೀಸಿ ಎನ್ನುತ್ತಾರೆ. ಆ ಹುಲ್ಲಿನ ಮೇಲೆ ಅದು ನನ್ನಿಂದ ಆಗುವ ಮಾತಲ್ಲ. ಆದರೆ ಅಂದಿನಿಂದ ಚೀಲ, ಛತ್ರಿ ಎಲ್ಲವನ್ನೂ ಕೋಣೆಯಲ್ಲೇ ಬಿಟ್ಟು ಹೋಗುತ್ತೇನೆ. ಅವಳು ಮತ್ತೆ ಏನಾದರೂ ಹೊತ್ತುಕೊಂಡು ಎದುರಿಗೆ ಬಂದರೆ, ನಿಲ್ಲಬೇಕಾದವನು ನಾನು.