ಗಣಿಯೂರಿನ ಒಂಬತ್ತನೇ ಮನೆ

ಅಮೆರಿಕದ ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದಾಗ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಸ್ಕಾಟ್ಲೆಂಡಿನವರು. ಹೆಂಡತಿ ತೀರಿಹೋಗಿದ್ದರು, ಮಗಳು ಸ್ಯಾನ್ ಡಿಯಾಗೋದಲ್ಲಿದ್ದಳು. ನಾನು ರೂಮು ನೋಡಲು ಹೋದ ದಿನ ಎಂಬತ್ತರ ಹತ್ತಿರದ ಆ ಮುದುಕರು ಗ್ಯಾರೇಜಿನ ಗೋಡೆಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತಿದ್ದರು. ಯಾರೋ ಹೆಂಗಸು ಕಾರು ನಿಲ್ಲಿಸಿ, ಬಿದ್ದಿರಾ, ಆಂಬುಲೆನ್ಸ್ ಕರೆಯಲೇ ಎಂದು ಕೇಳುತ್ತಿದ್ದಳು. ನನಗೆ ನಗು ಬಂತು. ನಾನು ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ ಬೆಳೆದವಳು. ಪಾಳಿ ಮುಗಿಸಿದ ಗಂಡಸರು ಬೀದಿಯುದ್ದಕ್ಕೂ ಹೀಗೇ ಕೂರುತ್ತಿದ್ದರು. ತಲೆ ಎತ್ತಲಾಗದ ಕಡೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಕುರ್ಚಿ ಹಿಡಿಸುವುದಿಲ್ಲ. ನೀವು ಗಣಿಯವರೇ ಎಂದು ಕೇಳಿದೆ. ರೂಮು ಸಿಕ್ಕಿತು.

ಅಡುಗೆಮನೆಯ ಮೇಜಿನ ಮೇಲೆ ಸದಾ ಒಂದು ದೊಡ್ಡ ಹಾಳೆ ಹರಡಿರುತ್ತಿತ್ತು. ಅದು ಅವರ ಊರು. ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಅಲ್ಲಿನ ಮನೆಗಳನ್ನೆಲ್ಲ ಕೆಡವಿದ್ದರು, ಈಗ ಅಲ್ಲಿ ಕುರಿ ಮೇಯುತ್ತವಂತೆ. ಮರೆವಿನ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದರಿಂದ, ಪೂರ್ತಿ ಮರೆಯುವುದರೊಳಗೆ ಯಾವ ಮನೆಯಲ್ಲಿ ಯಾರಿದ್ದರು ಎಂದು ಬರೆದು ಮುಗಿಸಬೇಕು ಎಂಬುದೊಂದೇ ಅವರ ಹಟ. ಕೈ ನಡುಗುತ್ತಿತ್ತು. ಟೈಪ್ ಮಾಡುವ ಕೆಲಸ ನನ್ನ ಹೆಗಲಿಗೆ ಬಿತ್ತು.

ನಾಲ್ಕು ಸಾಲು ಇಟ್ಟಿಗೆ ಮನೆ, ಒಂದು ಅಂಗಡಿ, ಒಂದು ಚರ್ಚು, ಊರಿನ ಬ್ಯಾಂಡು ಅಭ್ಯಾಸ ಮಾಡುವ ಹಾಲ್. ಹಿಂದುಗಡೆ ಗಣಿಯ ಕಸ ಸುರಿದೂ ಸುರಿದೂ ಎದ್ದ ಕಪ್ಪು ಗುಡ್ಡ, ನಮ್ಮೂರಿನ ಸೈನೈಡ್ ದಿಬ್ಬದ ತಮ್ಮನ ಹಾಗೆ. ಒಂದೇ ಹೆಸರಿನವರು ಐದಾರು ಜನ, ಹಾಗಾಗಿ ಎಲ್ಲರಿಗೂ ಅಡ್ಡಹೆಸರು. ಗಂಡಸರು ಸ್ನಾನ ಮಾಡಿದರೂ ಬೆನ್ನು ತೊಳೆಯುತ್ತಿರಲಿಲ್ಲ, ತೊಳೆದರೆ ಬೆನ್ನಿನ ಬಲ ಹೋಗುತ್ತದೆಂಬ ನಂಬಿಕೆ. ಹಿತ್ತಲುಗಳಲ್ಲಿ ಪಾರಿವಾಳದ ಗೂಡು. ಗಣಿಯೊಳಗೆ ಯಾರಾದರೂ ಸತ್ತರೆ ಮಿಕ್ಕವರೆಲ್ಲ ಕೆಲಸ ಬಿಟ್ಟು ಮೇಲೆ ಬಂದುಬಿಡುತ್ತಿದ್ದರು. ಒಬ್ಬರಿಗೊಬ್ಬರು ಅಷ್ಟು ಆಗುತ್ತಿದ್ದ ಅದೇ ಊರು, ಮುಷ್ಕರದಲ್ಲಿ ಕದ್ದು ಕೆಲಸಕ್ಕೆ ಹೋದವನೊಬ್ಬನ ಮೊಮ್ಮಕ್ಕಳ ಜೊತೆಗೂ ಮಾತು ಬಿಟ್ಟಿತ್ತು. ಒಳ್ಳೆಯ ಊರು ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ನನ್ನೂರಿನ ಬಗ್ಗೆಯೂ ಹಾಗೆ ಅನ್ನಿಸಿದ್ದಿಲ್ಲ. ಆದರೂ ಆ ಹಾಳೆಯ ಮುಂದೆ ಕೂತರೆ ಏಳಲು ಮನಸ್ಸು ಬರುತ್ತಿರಲಿಲ್ಲ.

ಮೂರನೇ ಸಾಲಿನ ಹತ್ತನೇ ಮನೆ ಅವರದು. ಎಂಟನೆಯದನ್ನು ಬರೆಸಿ ಸೀದಾ ಹತ್ತಕ್ಕೆ ಹಾರಿದರು. ಒಂಬತ್ತು ಯಾರದು ಎಂದರೆ ಟೀ ಬೇಕಾ ಎಂದು ಎದ್ದರು. ಎರಡು ಸಲ ಹೀಗಾಯಿತು. ಪಾಪ, ಮರೆತಿದ್ದಾರೆ, ಒಪ್ಪಿಕೊಳ್ಳಲು ನಾಚಿಕೆ ಎಂದುಕೊಂಡೆ. ನನಗೋ ಎಲ್ಲವನ್ನೂ ಹುಡುಕಿ ತೆಗೆಯುವ ಚಟ. ಗಣಿಯಲ್ಲಿ ಸತ್ತವರ ಪಟ್ಟಿಯೊಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿತು, ಹೆಸರಿನ ಮುಂದೆ ಮನೆಯ ನಂಬರು ಕೂಡ. ಮೂರನೇ ಸಾಲು, ಒಂಬತ್ತನೇ ಮನೆ. ಆ ಹೆಸರು ತುಂಬಿಸಿ, ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ ಅವರ ಹುಟ್ಟುಹಬ್ಬಕ್ಕೆ ಕೊಟ್ಟೆ. ಬೆರಳಿಟ್ಟು ಓದುತ್ತಾ ಬಂದವರು ಒಂಬತ್ತರಲ್ಲಿ ನಿಂತರು. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ದಿನ ನನ್ನೊಡನೆ ಮಾತಿಲ್ಲ.

ಮೂರನೇ ದಿನ ಅವರಾಗಿಯೇ ಹೇಳಿದರು. ಗಣಿಗೆ ಇಳಿಯುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದಾಗ ಹಿಂದಿರುಗಿಸಬೇಕು. ಬಾರದ ಬಿಲ್ಲೆ ಯಾರದೋ ಅವನು ಒಳಗಿದ್ದಾನೆ ಎಂದು ಲೆಕ್ಕ. ಇದನ್ನು ನನಗೆ ಯಾರೂ ವಿವರಿಸಬೇಕಿರಲಿಲ್ಲ, ನಮ್ಮಪ್ಪ ಮೂವತ್ತು ವರ್ಷ ಗಣಿಯ ಬಾಯಲ್ಲಿ ಕೂತು ಬಿಲ್ಲೆ ಕೊಟ್ಟವರು. ಮುದುಕರು ಹರೆಯದಲ್ಲಿದ್ದಾಗಿನ ಮಾತು, ಅವತ್ತು ಪಾರಿವಾಳದ ಪಂದ್ಯ. ರಜೆ ಸಿಗಲಿಲ್ಲ. ಇವರು ತಮ್ಮ ಬದಲು ಇಳಿಯಲು ಒಪ್ಪಿದ ಪಕ್ಕದ ಒಂಬತ್ತನೇ ಮನೆಯವನಿಗೆ ತಮ್ಮ ಬಿಲ್ಲೆ ಕೊಟ್ಟು, ಕೆಲಸಕ್ಕೆ ಹೋಗುತ್ತೇನೆಂದು ತಾಯಿಗೆ ಸುಳ್ಳು ಹೇಳಿ ಹೊರಟರು. ಅವನು ಹೆಂಡತಿಗೆ ಹೆಚ್ಚುವರಿ ಪಾಳಿ ಎಂದಷ್ಟೇ ಹೇಳಿ ಇಳಿದ. ಒಳಗೆ ಛಾವಣಿ ಕುಸಿಯಿತು. ಮೇಲೆ ಬಾರದ ಬಿಲ್ಲೆಯ ನಂಬರು ನೋಡಿ ಆಫೀಸಿನವರು ಹತ್ತನೇ ಮನೆಯ ಬಾಗಿಲು ತಟ್ಟಿದರು. ಅಳುತ್ತಿದ್ದ ತಾಯಿಯ ಹತ್ತಿರ ಓಡಿ ಬಂದವಳು ಒಂಬತ್ತನೇ ಮನೆಯ ಆ ಹೆಂಡತಿ. ತನ್ನ ಗಂಡನೂ ಕೆಳಗೇ ಇದ್ದಾನೆ, ಮಣ್ಣು ಸರಿಸಿ ನಿಮ್ಮ ಮಗನನ್ನು ಅವನೇ ಹೊತ್ತು ತರುತ್ತಾನೆ ಎಂದು ಸಮಾಧಾನ ಹೇಳುತ್ತಾ ಟೀ ಮಾಡುತ್ತಿದ್ದಳಂತೆ. ಅಷ್ಟರಲ್ಲಿ ಇವರು ಪಾರಿವಾಳದ ಬುಟ್ಟಿ ಹಿಡಿದು ಒಳಗೆ ಬಂದರು.

"ಅವಳು ನನ್ನ ನೋಡಿದಳು," ಎಂದರು. "ಬುಟ್ಟಿ ನೋಡಿದಳು. ಕೆಟಲ್ ಕೆಳಗಿಟ್ಟು ಮನೆಗೆ ಹೋದಳು. ನಮ್ಮಮ್ಮ ಖುಷಿಗೆ ಅಳ್ತಾನೇ ಇದ್ದಳು."

ಊರಿನಲ್ಲಿ ಯಾರೂ ಬೈಯಲಿಲ್ಲವಂತೆ. ಬೈದಿದ್ದರೆ ಅಲ್ಲೇ ಇರುತ್ತಿದ್ದೆ ಎಂದರು.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿ, ಮುದುಕರ ಕತೆ ಹೇಳಿ, ನಿಮ್ಮ ಕಾಲದಲ್ಲೂ ಬಿಲ್ಲೆ ಬದಲಾಯಿಸಿಕೊಳ್ಳುತ್ತಿದ್ದರಾ ಎಂದು ಕೇಳಿದೆ.

"ಎಲ್ರೂ ಮಾಡೋರು ಕಣಮ್ಮ. ಮದುವೆ, ಹಬ್ಬ ಅಂತ. ನಾನೂ ಮುಖ ನೋಡ್ದೆ ಕೊಟ್ಬಿಡ್ತಿದ್ದೆ." ಆಮೇಲೆ ಸೇರಿಸಿದರು, "ಆ ಯಜಮಾನ್ರಿಗೆ ಹೇಳು, ನೋಡ್ದೆ ಕೊಟ್ಟೋನ್ದೂ ತಪ್ಪೈತೆ ಅಂತ."

ನಾನು ಹೇಳಲಿಲ್ಲ. ಲ್ಯಾಮಿನೇಟ್ ಮಾಡಿಸಿ ಮಾಡಿದ ಅಧಿಕಪ್ರಸಂಗವೇ ಸಾಕಾಗಿತ್ತು. ಒಂಬತ್ತನ್ನು ಅಳಿಸಿ ಹೊಸ ಪ್ರಿಂಟ್ ತೆಗೆದುಕೊಟ್ಟೆ. ತಪ್ಪೊಪ್ಪಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.

ನನಗೆ ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸ್‌ನ ಲ್ಯಾಬೊಂದರಲ್ಲಿ ಕೆಲಸ ಸಿಕ್ಕುವ ಹೊತ್ತಿಗೆ ಮಗಳು ಅವರನ್ನು ಅಲ್ಲಿನದೇ ವೃದ್ಧಾಶ್ರಮಕ್ಕೆ ಸೇರಿಸಿದ್ದಳು. ಶನಿವಾರ ಬೆಳಿಗ್ಗೆ ಹೋಗುತ್ತಿದ್ದೆ. ಅವರಿಗೆ ಮೊದಲು ಚರ್ಚು ಮರೆತುಹೋಯಿತು, ಆಮೇಲೆ ಅಂಗಡಿ, ಆಮೇಲೆ ಒಂದನೇ ಸಾಲು. ನಾನು ಹಾಳೆ ಓದಿದರೆ ಯಾರದೋ ಊರಿನ ಸುದ್ದಿ ಎಂಬಂತೆ ಕೇಳುತ್ತಿದ್ದರು. ನನಗೆ ಸಿಟ್ಟೇ ಬರುತ್ತಿತ್ತು, ಯಾರ ಮೇಲೆಂದು ಗೊತ್ತಿಲ್ಲ.

ಒಂದು ಶನಿವಾರ ಮೂರನೇ ಸಾಲು ಓದುತ್ತಿದ್ದೆ. ಎಂಟು ಮುಗಿಸಿ, ಅಭ್ಯಾಸಬಲದಿಂದ ಹತ್ತಕ್ಕೆ ಹೋದೆ. ಅವರು ಕೈಯೆತ್ತಿ ತಡೆದು, ಒಂಬತ್ತು ಬಿಟ್ಟೆಯಲ್ಲ ಎಂದರು. ಆ ಹೆಸರನ್ನು ಸ್ಪಷ್ಟವಾಗಿ ಹೇಳಿದರು. ಗಂಡ, ಹೆಂಡತಿ, ಚೆನ್ನಾಗಿ ಹಾಡುತ್ತಾನೆ, ಇನ್ನೇನು ಪಾಳಿ ಮುಗಿಸಿ ಬರುತ್ತಾನೆ. ಅವರೇ ಹೇಳಿದರಲ್ಲ ಎಂದು ನನಗೆ ಕಣ್ಣು ತುಂಬಿತು. ಬರೆದುಕೊಂಡೆ. ಊರು ಪೂರ್ತಿಯಾಯಿತು ಎಂದುಕೊಂಡು ಹತ್ತನೇ ಮನೆಯವರ ಹೆಸರುಗಳನ್ನು ಓದಿದೆ, ತಾಯಿಯದು, ಅವರದು.

ಅವರು ತಲೆಯಾಡಿಸಿದರು.

"ಹತ್ತರಲ್ಲಿ ತಾಯಿ ಒಬ್ಬಳೇ. ಮಗ ಗಣಿಯಲ್ಲಿ ಸತ್ತ. ಪಕ್ಕದ ಮನೆಯವಳು ಬಂದು ಟೀ ಮಾಡಿಕೊಟ್ಟಳು, ಒಳ್ಳೆಯವಳು."

ಮುಖ ನೋಡದೆ ಬಿಲ್ಲೆ ಕೊಟ್ಟವನದೂ ತಪ್ಪು ಎಂದು ಅಪ್ಪ ಹೇಳಿಕಳಿಸಿದ್ದ ಮಾತನ್ನು ಆಗ ಹೇಳಿದೆ, ಆರು ವರ್ಷ ತಡವಾಗಿ. ಯಾವ ಬಿಲ್ಲೆ ಎಂದು ಕೇಳಿದರು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟು, ಸರಿಮಾಡು ಎಂದು ಕಾದರು. ನಾನು ಪೆನ್ನು ತೆಗೆದು ಹತ್ತನೇ ಮನೆಯಲ್ಲಿದ್ದ ಅವರ ಹೆಸರನ್ನು ಹೊಡೆದುಹಾಕಿದೆ.