ನೀರು ಕುಡಿದ ಹಲಗೆ

ಹಾಯಿದೋಣಿಯ ಐಸ್ ಪೆಟ್ಟಿಗೆಯನ್ನು ಫ್ರಿಜ್ ಮಾಡಿಸಬೇಕೆನ್ನುವವರಿಗೆ ನನ್ನ ಮೊದಲ ಬುದ್ಧಿಮಾತು: ಯಂತ್ರದ ಬೆಲೆ ಆಮೇಲೆ ಕೇಳಿ, ಮೊದಲು ಪೆಟ್ಟಿಗೆಯ ಗೋಡೆಯೊಳಗೆ ಏನಿದೆ ನೋಡಿ. ಈ ಬುದ್ಧಿ ನನಗೆ ಆಗಲೂ ಇತ್ತು. ಇದ್ದೂ ಕೆಟ್ಟ ಮಾಲು ತುಂಬಿದೆನಲ್ಲ, ಅದೇ ನಾಚಿಕೆ.

ಸಾತಪುರದಲ್ಲಿ ನನ್ನದು ಫ್ರಿಜ್ ರಿಪೇರಿಯ ಅಂಗಡಿ. ಓಝರ್ ಬಳಿಯ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಎಂಜಿನಿಯರೊಬ್ಬರು, ನಮ್ಮ ಧಾರವಾಡ ಕಡೆಯವರೇ, ಹಳೆಯ ಹಾಯಿದೋಣಿಯೊಂದನ್ನು ಕೊಂಡು ಮನೆಯಂಗಳದಲ್ಲಿ ದುರಸ್ತಿ ಮಾಡುತ್ತಿದ್ದರು. ಅವರನ್ನು ನಾನು ಕಾಕಾ, ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆ. ಮಳೆಗಾಲಕ್ಕೆ ಮುಂಚೆ ಹೆಂಡತಿಯೊಂದಿಗೆ ಕೊಂಕಣದ ಕರಾವಳಿಗುಂಟ ಹದಿನೈದು ದಿನ ಹೋಗುವ ಆಸೆ ಅವರಿಗೆ. ಆಕೆಗೆ ದಿನವೂ ಇನ್ಸುಲಿನ್ ಬೇಕು. ಆ ಸೆಕೆಯಲ್ಲಿ ಅದನ್ನು ತಣ್ಣಗಿಡಬೇಕು. ತುಂಬಿಸಿದ ಐಸು ಎರಡು ದಿನವೂ ಬಾಳುವುದಿಲ್ಲ. ಅದಕ್ಕೇ ದೋಣಿಯ ಐಸ್ ಪೆಟ್ಟಿಗೆಯನ್ನು ಫ್ರಿಜ್ ಮಾಡುವ ಕೆಲಸ ನನಗೆ ಒಪ್ಪಿಸಿದರು.

"ನಿನ್ನ ಪೆಟ್ಟಿಗ್ಯಾಗ ನನ್ನ ಜೀವಾ ಇಟಗೊಂಡು ಹೊಂಟೀನಿ ನೋಡಪಾ," ಎಂದು ಕಾಕು ನಕ್ಕಿದ್ದರು.

"ಚಿಂತಿ ಬಿಡ್ರಿ ಕಾಕು. ನೀವು ಕುಲ್ಫಿ ಮಾಡಿ ಕಾಕಾಗ ತಿನಸ್ರಿ."

ಬ್ಯಾಟರಿಯಿಂದ ಓಡುವ ಸಣ್ಣ ಕಂಪ್ರೆಸರನ್ನು ಛತ್ರಪತಿ ಸಂಭಾಜಿನಗರಕ್ಕೇ ಹೋಗಿ ಚೌಕಾಸಿ ಮಾಡಿ ತಂದೆ. ಅದೇನೋ ಒಳ್ಳೆಯ ಮಾಲು. ನನ್ನ ಅತಿ ಜಾಣತನ ನಡೆದದ್ದು ಗೋಡೆಗೆ ಹಾಕುವ ಫೋಮ್ ಹಲಗೆಯಲ್ಲಿ. ಪಿಂಪಳಗಾಂವ್ ಬಸವಂತದಲ್ಲಿ ದ್ರಾಕ್ಷಿಯ ಹಳೆಯ ಕೋಲ್ಡ್ ಸ್ಟೋರೇಜ್ ಒಂದನ್ನು ಒಡೆಯುತ್ತಿದ್ದರು. ಅದರ ಹಲಗೆಗಳನ್ನು ಗುಜರಿಯವನಿಂದ ಹೆಚ್ಚುಕಡಿಮೆ ಪುಕ್ಕಟೆ ಎತ್ತಿಕೊಂಡು ಬಂದೆ. ಎತ್ತುವಾಗಲೇ ಭಾರವೆನಿಸಿತು. ಬೆರಳಿನಿಂದ ಬಡಿದರೆ ಒಣ ಫೋಮಿನ ಟೊಳ್ಳು ಸದ್ದಿಲ್ಲ, ಹಸಿ ಗೋಡೆ ಬಡಿದಂತೆ. ನೀರು ಕುಡಿದ ಫೋಮ್ ತಂಪು ಹಿಡಿಯುವುದಿಲ್ಲ. ಎರಡು ದಿನ ಬಿಸಿಲಿಗಿಟ್ಟು, ಪೆಟ್ಟಿಗೆಗೆ ಕೂರಿಸಿ, ಮೇಲೆ ಹೊಳೆಯುವ ಹಾಳೆ ಹಚ್ಚಿ ಸ್ಕ್ರೂ ಬಿಗಿದೆ. ಅಂಗಳದಲ್ಲಿ ಚಾರ್ಜರ್ ಹಚ್ಚಿಯೇ ಓಡಿಸಿ ತೋರಿಸಿದೆ. ಕರೆಂಟು ಸಿಗುತ್ತಲೇ ಇದ್ದರೆ ಯಾವ ಕಂಪ್ರೆಸರೂ ಸೋಲುವುದಿಲ್ಲ.

ಹದಿನೈದು ದಿನಕ್ಕೆಂದು ಹೋದವರು ನಾಲ್ಕನೆಯ ದಿನ ಮನೆಯಲ್ಲಿದ್ದರು. ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬ್ಯಾಟರಿ ಬರಿದಾಗಿ, ಔಷಧಿ ಬೆಚ್ಚಗಾಗಿ, ಗಾಬರಿಯಿಂದ ಹತ್ತಿರದ ಬಂದರು ಹಿಡಿದು, ದೋಣಿಯನ್ನು ಟ್ರೇಲರಿನಲ್ಲಿ ಅಂಗಳಕ್ಕೆ ತಂದಿದ್ದರು. ನನ್ನನ್ನು ಕರೆಸಿದ ಕಾಕಾ, "ನನ್ನ ಲೆಕ್ಕಾನ ತಪ್ಪಿತ್ರಿ. ಬ್ಯಾಟರಿ ಸಣ್ಣದಾತು," ಎಂದರು.

ನಾನು ಬಾಯಿ ಮುಚ್ಚಿಕೊಂಡಾದರೂ ಇರಬಹುದಿತ್ತು. "ಹೌದ್ರಿ ಕಾಕಾ, ಇನ್ನೊಂದು ಜೋಡಸ್ರಿ," ಎಂದು ಸಲಹೆ ಕೊಟ್ಟೆ.

"ನಿಮ್ಮ ಬ್ಯಾಟರಿ ನನಗ ತಿಳಿಯೂದಿಲ್ಲ," ಎಂದರು ಕಾಕು. "ಆದ್ರ ಪೆಟ್ಟಿಗಿ ಹೊರಮೈ ಹಗಲೆಲ್ಲಾ ಬೆವರ್ತಿತ್ತು. ತಂಪು ಒಳಗಿದ್ರ ಹೊರಗ್ಯಾಕ ಬೆವರ್ತದ?"

ಕಾಕಾ ಸ್ಕ್ರೂಡ್ರೈವರ್ ತಂದು ಹಾಳೆ ಬಿಚ್ಚಿದರು. ಹಲಗೆಯನ್ನು ಅಂಗೈಯಿಂದ ಒತ್ತಿದರು. ನೀರು ಅವರ ಮುಂಗೈಗುಂಟ ಇಳಿಯಿತು.

"ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ದೋಣಿದು ಒಂದೊಂದು ನಟ್ಟೂ ಬಿಚ್ಚಿ ನೋಡೀನಿ ನಾ. ಇದೊಂದು ಬಿಚ್ಚಲಿಲ್ಲ. ನಮ್ಮೂರ ಕಡೆಯವರು ಅಂತ."

ಕಾಕು ಒಳಗೆ ಹೋಗಿ ನನಗೂ ಚಹಾ ತಂದರು.

ಹೊಸ ಫೋಮ್ ತಂದು ಕೂರಿಸುವಷ್ಟರಲ್ಲಿ ಮಳೆ ಹಿಡಿದು, ಆ ವರ್ಷದ ಸಮುದ್ರ ಅವರಿಗೆ ತಪ್ಪಿತು. ಕೂರಿಸುವ ದಿನ ಕಾಕಾ ಒಂದೊಂದೇ ಹಲಗೆಯನ್ನು ಕಿವಿಯ ಹತ್ತಿರ ಹಿಡಿದು, ಬಡಿದು ಕೇಳಿ, ಆಮೇಲೆ ನನ್ನ ಕೈಗೆ ಕೊಟ್ಟರು. ನಾನು ತಲೆ ತಗ್ಗಿಸಿ ತೆಗೆದುಕೊಂಡೆ.